‘ನಾ’ ಇಲ್ಲದ ಸಂಚಿಕೆ

“ಇಲ್ಲಿದ್ದ ನಾ ಎಲ್ಲಿ ಹೋತು?”

ಧಾರವಾಡದ ಕೆಲಗೇರಿ ರಸ್ತೆಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ವಕೀಲ ಚನ್ನಯ್ಯನವರು ಹೀಗೆ ಕೇಳಿದಾಗ ಎದುರಿಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಅದೂ ಕೆಟ್ಟು ನಿಂತಿತ್ತು. ಹಣೆಯ ಮೇಲಿನ ವಿಭೂತಿ ಇನ್ನೂ ಆರಿರಲಿಲ್ಲ. ಕೈಯಲ್ಲಿ ಆಗಷ್ಟೇ ಟಪಾಲಿನಲ್ಲಿ ಬಂದ ಒಂದು ಮಾಸಪತ್ರಿಕೆ ಇತ್ತು.

ಕೇಳಿಸಿಕೊಂಡವರು ಯಾರೂ ಇಲ್ಲವೆಂದರೆ ತಪ್ಪಾದೀತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಮುರಿಗೆವ್ವ ಕೇಳಿಸಿಕೊಂಡಳು. ಆಕೆ ಒಂದು ತಿಂಗಳಿಂದ ಮಠದ ಪ್ರವಚನ ತಪ್ಪಿಸಿರಲಿಲ್ಲ. ನಿನ್ನೆಯಷ್ಟೇ ಅಯ್ಯನವರು ಪದ್ಯ ಹಾಡಿ ಅರ್ಥ ಬಿಡಿಸಿದ್ದರು: ನಾ ಎಂಬುದು ಹೊರಗೆ ಹೋಗದ ಹೊರತು ಶಿವನು ಒಳಗೆ ಬರುವುದಿಲ್ಲ. ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಶಿವನ! ಹೋತೇನ್ರಿ? ಪೂರಾ ಹೋತೇನ್ರಿ?”

“ಪೂರಾ ಹೋಗೇತಿ. ಒಂದೂ ಉಳದಿಲ್ಲ.”

“ಒಂದ ತಿಂಗಳಿಂದ ಪ್ರವಚನ ಕೇಳಿದ್ರೂ ನಂದು ಹೋಗವಲ್ತು. ನಿಮ್ಮದು ನಿಂತಲ್ಲೇ ಹೋತಲ್ರಿ!” ಎಂದು ಆಕೆ ಗಂಡನ ಕಾಲಿಗೆ ಬಿದ್ದೇಬಿಟ್ಟಳು. ಪಾದದ ಮೇಲೆ ಎರಡು ಹಿಟ್ಟಿನ ಹಸ್ತ ಮೂಡಿದವು.

“ಏ, ಕಾಲ ಬಿಡ! ನನ್ನ ನಾ ಅಲ್ಲ, ಪುಸ್ತಕದ ನಾ!”

ಚನ್ನಯ್ಯನವರು ಬೆರಳಿಟ್ಟು ತೋರಿಸಿದ ಸಾಲು ಹೀಗಿತ್ತು: ‘ಗುಡ್ಡಪ್ಪ ವಿರುದ್ಧ ರುಕ್ಮವ್ವ. ಅಮ್ಮಿನಬಾವಿಯ ಹೊಲದ ಬದುವಿನ ಮೇಲಿನ ಹುಣಸೆಮರ. ಎರಡನೆಯ ಅಪೀಲು ಮಂಜೂರು.’

ಹೈಕೋರ್ಟು ಹೇಳಿದ್ದು ನಾಮಂಜೂರು. ಮರ ರುಕ್ಮವ್ವನದು, ಗುಡ್ಡಪ್ಪ ಅದರ ನೆರಳಿಗೂ ಹಕ್ಕುದಾರನಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಆದರೆ ಪತ್ರಿಕೆ ಒಂದು ಅಕ್ಷರ ನುಂಗಿ ಮರವನ್ನು ಗುಡ್ಡಪ್ಪನಿಗೆ ಕೊಟ್ಟುಬಿಟ್ಟಿತ್ತು. ಗುಡ್ಡಪ್ಪ ಮುರಿಗೆವ್ವನ ತವರೂರಿನವನು. ಆ ಪುಟದ ಕೆಳಗೆ ‘ಪರಿಶೀಲಿಸಿದವರು: ಚನ್ನಯ್ಯ, ಸಂಪಾದಕ ಮಂಡಳಿ’ ಎಂದು ಅಚ್ಚಾಗಿತ್ತು. ಇದನ್ನು ಯಾರಾದರೂ ಜೋಡಿಸಿ ನೋಡಿದರೆ ಚನ್ನಯ್ಯನವರ ವಕೀಲಿಯ ಪರವಾನಗಿ, ಅಂದರೆ ಸನದು, ಹೋಯಿತೆಂದೇ ಲೆಕ್ಕ. ಜಗತ್ತಿನಲ್ಲಿ ಜೋಡಿಸಿ ನೋಡುವವರಿಗೆ ಎಂದೂ ಬರಗಾಲವಿಲ್ಲ.

ಪುರಾಣಗಳನ್ನು ಕೇಳಿದವರಿಗೆ ಗೊತ್ತು, ಕೇಡು ಒಮ್ಮೆಲೇ ಬರುವುದಿಲ್ಲ. ಮೊದಲು ಒಂದು ವರ ಬರುತ್ತದೆ. ಚನ್ನಯ್ಯನವರಿಗೆ ವರ ಬಂದದ್ದು ಹಿಂದಿನ ದಸರೆಯಲ್ಲಿ. ಧಾರವಾಡಕ್ಕೆ ಪೀಠ ಬಾರದೆ ಹೈಕೋರ್ಟು ಇನ್ನೂ ಬೆಂಗಳೂರಿನಲ್ಲಷ್ಟೇ ಇದ್ದ ಕಾಲವದು. ಅಲ್ಲಿಯ ತೀರ್ಪುಗಳು ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಉಳಿಯುತ್ತಿದ್ದವು. ಅವುಗಳ ಸಾರವನ್ನು ಕನ್ನಡದಲ್ಲಿ ಅಚ್ಚುಹಾಕಿ ವಕೀಲರಿಗೂ ಹಳ್ಳಿಯ ವಾಚನಾಲಯಗಳಿಗೂ ಮುಟ್ಟಿಸಬೇಕೆಂದು ಹುಬ್ಬಳ್ಳಿಯ ಹಿರಿಯ ವಕೀಲ ರಮಾಕಾಂತ ನಾಡಿಗೇರರು ‘ಕಾಯದೆ ಕಂದೀಲು’ ಎಂಬ ಮಾಸಿಕ ನಡೆಸುತ್ತಿದ್ದರು. ಅದರ ಮಂಡಳಿಯಲ್ಲಿ ಏಳು ಜನ. ಏಳೂ ಜನ ಬಿಟ್ಟಿ. ಒಬ್ಬರು ಕಾಲವಾದಾಗ ಆ ಜಾಗಕ್ಕೆ ಚನ್ನಯ್ಯನವರನ್ನು ಕರೆದರು. ಕೆಲಸವಿಷ್ಟೇ: ಪ್ರೂಫು ಓದಿ ಕಾಗುಣಿತ ತಿದ್ದುವುದು.

ಎದುರುಮನೆಯ ಯಂಕವ್ವ ಕೇಳಿದಳು: “ವಕೀಲರ, ಅದೇನೋ ಸಂಪಾದಕ ಆಗೀರಂತ. ಸಂಪಾದನಿ ಛಲೋ ಐತೇನ್ರಿ?”

“ಇದರಾಗ ಸಂಪಾದನಿ ಇಲ್ಲಬೇ ಯಂಕವ್ವಾ, ಗೌರವ ಐತಿ.”

“ಅಯ್ಯ ಪಾಪ,” ಎಂದಳು ಯಂಕವ್ವ.

ಆ ‘ಅಯ್ಯ ಪಾಪ’ ಇಲ್ಲದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಅದು ಚನ್ನಯ್ಯನವರ ಎದೆಗೆ ನಾಟಿತು. ಅವರು ಎದೆ ಉಬ್ಬಿಸಿ ಅಂದರು: “ಪಾಪ ಗೀಪ ಅನಬ್ಯಾಡ. ಹೈಕೋರ್ಟಿನ ತೀರ್ಪು ಮೊದಲ ನನ್ನ ಕೈಗೆ ಬರತಾವ. ನಾ ತಿದ್ದಿ ಕೊಟ್ಟ ಮ್ಯಾಲೇ ಹೊರಗ ಹೋಗತಾವ.”

ಒಂದೊಂದು ಮಾತೂ ಸತ್ಯ. ಆದರೆ ಯಂಕವ್ವನ ಬಾಯಿಗೆ ಬಿದ್ದ ಸತ್ಯ ಬೀಸುಕಲ್ಲಿಗೆ ಬಿದ್ದ ಜೋಳದಂತೆ. ಹೊರಗೆ ಬರುವಾಗ ಗುರುತು ಉಳಿಯುವುದಿಲ್ಲ. ನಳದ ಕಟ್ಟೆಯಲ್ಲಿ ಅದು “ಹೈಕೋರ್ಟಿನವರು ಚನ್ನಯ್ಯನವರನ್ನ ಕೇಳಿ ತೀರ್ಪು ಬರೀತಾರಂತ” ಎಂದಾಯಿತು. ಹಿಟ್ಟಿನ ಗಿರಣಿಯಲ್ಲಿ “ಜಡ್ಜಿ ಬರದದ್ದು ತಪ್ಪಾದ್ರ ಇವರ ಒರಸತಾರಂತ” ಎಂದಾಯಿತು. ಅಲ್ಲಿಂದ ಹಿಟ್ಟಿನ ಚೀಲದೊಂದಿಗೆ ಬಸ್ಸು ಹತ್ತಿ ಅಮ್ಮಿನಬಾವಿಗೆ ಹೋಯಿತು.

ಸಂಕ್ರಾಂತಿಯ ಹೊತ್ತಿಗೆ ಗುಡ್ಡಪ್ಪ ಹೆಗಲ ಮೇಲೆ ಹಸಿಕಡಲೆಯ ಹೊರೆ ಹೊತ್ತು ಬಂದು ಪಡಸಾಲೆಯಲ್ಲಿ ಕುಳಿತ. ಮುರಿಗೆವ್ವ ಅವನನ್ನು ಕಾಕಾ ಎಂದು ಕರೆಯುವುದರಿಂದ ಅವನಿಗೆ ಚನ್ನಯ್ಯನವರು ಊರಿನ ಅಳಿಯ.

“ಅಳ್ಯಾರ, ನನ್ನ ಹುಣಸಿಮರದ ಅಪೀಲು ಬಿದ್ದು ಹೋತು. ನೀವು ಒಂದೀಟು ತಿದ್ದಬೇಕು.”

“ಕಾಕಾ, ನಾವು ತಿದ್ದೋದು ಅಂದ್ರ ಕಾಗುಣಿತ...”

“ನನಗೂ ಕಾಗುಣಿತ ಸಾಕ್ರಿ. ಹೆಚ್ಚಿಂದು ಕೇಳಾಕತ್ತಿಲ್ಲ.”

ಇಲ್ಲಿ ಚನ್ನಯ್ಯನವರ ಒಂದು ಗುಣ ಹೇಳಲೇಬೇಕು. ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟುತ್ತಿರಲಿಲ್ಲ. ಇಲ್ಲ ಎನ್ನಬೇಕಾದಲ್ಲೆಲ್ಲ ಅವರು “ನೋಡೋಣು” ಎನ್ನುತ್ತಿದ್ದರು. ಹೇಳುವಾಗ ಅವರ ಮನಸ್ಸಿನಲ್ಲಿ ಅದು ಇಲ್ಲವೇ. ಕೇಳಿದವರ ಕಿವಿಯಲ್ಲಿ ಮಾತ್ರ ಹೌದು. ಬಾಯಿಗೂ ಕಿವಿಗೂ ನಡುವಿನ ಆ ಒಂದು ಗೇಣಿನಲ್ಲಿ ಅವರ ವಕೀಲಿ ಇಷ್ಟು ವರ್ಷ ಬಾಳಿತ್ತು.

ಅಡುಗೆಮನೆಯ ಬಾಗಿಲಲ್ಲಿ ತವರಿನ ಕಡೆಯ ಎರಡು ಕಣ್ಣು ನೋಡುತ್ತಿದ್ದವು. ಚನ್ನಯ್ಯನವರು ಅಂದರು: “ನೋಡೋಣು.”

ಗುಡ್ಡಪ್ಪ ಎದ್ದು ಕೈಮುಗಿದ. “ಇನ್ನ ನನಗ ಚಿಂತಿಲ್ಲ.”

ಇಷ್ಟಾದರೂ ತೀರ್ಪು ತೀರ್ಪಿನಂತೆಯೇ ಇರುತ್ತಿತ್ತು. ಚನ್ನಯ್ಯನವರು ಪ್ರಾಮಾಣಿಕರು. ಆ ಪ್ರೂಫು ಬಂದಾಗ ‘ನಾಮಂಜೂರು’ ಎಂಬುದನ್ನು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಸರಿ ಎಂದು ಗುರುತು ಹಾಕಿ ಕಳಿಸಿದ್ದರು. ಕೇಡು ಬಂದದ್ದು ಅದೇ ಸಂಚಿಕೆಗೆ ಅವರು ಬರೆದ ಲೇಖನದಿಂದ.

ಮಂಡಳಿಗೆ ಸೇರಿದ ಮೇಲೆ ಬರೀ ಕಾಗುಣಿತ ನೋಡಿದರೆ ಹೇಗೆ? ‘ನ್ಯಾಯದೇಗುಲದಲ್ಲಿ ನಾ ಕಂಡದ್ದು’ ಎಂದು ಒಂದು ದೊಡ್ಡ ಲೇಖನ ಬರೆದರು. ಅದು ‘ನಾ ಮೊದಲು ಕೋರ್ಟಿನ ಮೆಟ್ಟಿಲು ಹತ್ತಿದಾಗ’ ಎಂದು ಆರಂಭವಾಗಿ ‘ನಾ ಹೇಳದೆ ಉಳಿದದ್ದು ಇನ್ನೂ ಬಹಳ’ ಎಂದು ಮುಗಿಯುತ್ತಿತ್ತು. ನಡುವೆ ಇದ್ದದ್ದೂ ಬಹುತೇಕ ಅದೇ.

ನಾಡಿಗೇರರು ಅದನ್ನು ಓದಿ ಫೋನು ಮಾಡಿದರು. “ಚನ್ನಯ್ಯನವರ, ಇದರಾಗ ಕಾಯದೇಕ್ಕಿಂತ ನಾ ಹೆಚ್ಚು ಅವ. ಇದು ಕಾಯದೆ ಕಂದೀಲು ಅದ, ನಿಮ್ಮ ಮನೀ ಕಂದೀಲಲ್ಲ. ಮೊದಲ ಆ ನಾ ತಗೀರಿ.”

ಕಿವಿ ಕೆಂಪಾದ ಚನ್ನಯ್ಯನವರು ಅದೇ ಸಿಟ್ಟಿನಲ್ಲಿ ಕಂದೀಲಿನ ಕಚೇರಿಗೆ ಫೋನು ಹಚ್ಚಿದರು. ಅಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸುವ ಹುಡುಗಿ ಸಿತಾರಾ.

“ಸಿತಾರಾ, ನಾ ತಗದಬಿಡವಾ.”

“ಏನ್ ತಗದ್ರಿ ಸರ?”

“ನಾ ತಗದಿಲ್ಲ, ನೀ ತಗೀ. ನಾ ಅನ್ನೋ ಅಕ್ಷರ ತಗೀ.”

“ಎಲ್ಲಾ ನಾ ತಗೀಲೇನ್ರಿ?”

“ಎಲ್ಲಾ.”

“ಎಲ್ಲಾ ಅಂದ್ರ ಎಲ್ಲಾನೂರಿ ಸರ? ಇಡೀ ಸಂಚಿಕಿ ಒಂದ ಫೈಲಿನ್ಯಾಗ ಐತ್ರಿ.”

“ಎಷ್ಟ ಸಲ ಹೇಳಬೇಕವಾ? ಒಂದೂ ಉಳೀಬಾರದು!”

“ತಗದಮ್ಯಾಲ ಇನ್ನೊಂದ ಸಲ ಪ್ರೂಫ್ ನೋಡತೀರೇನ್ರಿ?”

“ಏನೂ ಬ್ಯಾಡ. ನಾ ಹೇಳೇನಿ ಅಂದ್ರ ಮುಗೀತು.”

ಮುಗಿದೇಹೋಯಿತು. ಕಂಪ್ಯೂಟರು ತನ್ನ ಭಾಷೆಯಲ್ಲಿ “ಎಲ್ಲವನ್ನೂ?” ಎಂದು ಕೇಳಿತು, ಸಿತಾರಾ ಹೌದೆಂದು ಒತ್ತಿದಳು. ಯಂತ್ರಕ್ಕೆ ಲೇಖನ ಯಾವುದು, ತೀರ್ಪು ಯಾವುದು ಗೊತ್ತಿಲ್ಲ. ಮಿಡತೆ ಹೊಲಕ್ಕೆ ಬಿದ್ದಂತೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾ ಎಂಬುದನ್ನೆಲ್ಲ ಮೇಯ್ದು ನಿಂತಿತು.

ಈಗ ಪಡಸಾಲೆಯಲ್ಲಿ ಚನ್ನಯ್ಯನವರು ಪುಟ ತಿರುವುತ್ತಿದ್ದರು. ಕರ್ನಾಟಕ ಹೋಗಿ ‘ಕರ್ಟಕ’ವಾಗಿತ್ತು. ವಕೀಲನಾಮೆ ‘ವಕೀಲಮೆ’ಯಾಗಿತ್ತು. ನಾಗರಿಕರ ಹಕ್ಕುಗಳು ‘ಗರಿಕರ ಹಕ್ಕುಗಳು’ ಆಗಿ ದನಗಳು ಮೇಯಲು ಸಿದ್ಧವಾಗಿದ್ದವು. ಇಡೀ ಸಂಚಿಕೆಯಲ್ಲಿ ನಾ ಹೋದ ಮೇಲೂ ಚೊಕ್ಕ ಅರ್ಥ ಕೊಡುತ್ತಿದ್ದ ಮಾತು ಒಂದೇ ಒಂದು. ಅದು ಗುಡ್ಡಪ್ಪನ ಪಾಲಿಗೆ ಬಂದಿತ್ತು.

ಎದೆ ಗಟ್ಟಿ ಮಾಡಿಕೊಂಡು ಮಂಡಳಿಯ ಹೆಸರುಗಳ ಪುಟ ತೆರೆದರು. ಗುರುನಾಥರು ‘ಗುರುಥ’ರಾಗಿದ್ದರು. ನಾರಾಯಣರಾಯರು ‘ರಾಯಣರಾಯ’ರಾಗಿದ್ದರು. ಪ್ರಧಾನ ಸಂಪಾದಕರು ದಪ್ಪ ಅಕ್ಷರದಲ್ಲಿ ‘ರಮಾಕಾಂತ ಡಿಗೇರ’ ಆಗಿ ನಿಂತಿದ್ದರು. ಕೂದಲೂ ಕೊಂಕದೆ ಉಳಿದ ಹೆಸರುಗಳಲ್ಲಿ ಕಣ್ಣಿಗೆ ರಾಚುತ್ತಿದ್ದದ್ದು ಒಂದೇ: ಚನ್ನಯ್ಯ.

ಫೋನು ಹೊಡೆದುಕೊಂಡಿತು.

“ಚನ್ನಯ್ಯನವರ, ನಾ ಡಿಗೇರ ಮಾತಾಡ್ಲಿಕ್ಕತ್ತೇನಿ.”

“ಸರ, ಅದು...”

“ನನ್ನ ಹೆಸರು ಹಾಳಾಗ್ಲಿ. ಮುತ್ತಜ್ಜ ಗಳಿಸಿದ ಅಡ್ಡಹೆಸರು, ನೀವು ಕಳದ್ರಿ, ಇರ್ಲಿ. ರುಕ್ಮವ್ವನ ವಕೀಲ ಮುಂಜಾನೆನ ನನ್ನ ಮನೀಗೆ ಬಂದಿದ್ದ. ನೀವು ಹೆಂಡತೀ ತವರೂರಿನವನ ಸಲುವಾಗಿ ತೀರ್ಪು ಬದಲ ಮಾಡೀರಿ ಅಂತ ಅರ್ಜಿ ಬರದಾನ. ತೀರ್ಪು ತಿದ್ದತೇನಿ ಅಂತ ನೀವ ಸಾರಿದ್ದಕ್ಕ ಅರ್ಧ ಧಾರವಾಡ ಸಾಕ್ಷಿ ಅದಂತ. ನಿಮ್ಮ ಸನದು ರದ್ದು ಮಾಡ್ರಿ ಅಂತ ನಾಳೆ ಅದು ಬೆಂಗಳೂರಿನ ವಕೀಲರ ಪರಿಷತ್ತಿಗೆ ಹೋಗ್ತದ. ಪ್ರಧಾನ ಸಂಪಾದಕರದು ಏನು ಹೇಳಿಕಿ ಅಂತ ಕೇಳ್ಯಾನ. ಸಂಜಿಗೆ ಬರ್ರಿ. ನಾ ಏನ ಬರೀತೇನಿ, ಅದರ ಮ್ಯಾಲ ನಿಮ್ಮ ಸನದು.”

“ಬರತೇನ್ರಿ ಸರ.”

ಆ ಕಡೆಯ ದನಿ ಯಾಕೋ ತುಪ್ಪ ಸವರಿದಂತೆ ಮೆತ್ತಗಾಯಿತು. “ಅಂದಂಗ, ಮುಂದಿನ ಸಂಚಿಕೀ ತೀರ್ಪಿನ ಪ್ರೂಫೂ ನಿಮ್ಮ ಕಡೆನ ಅದಾವಲ್ಲ? ಅವನ್ನೂ ತೊಗೊಂಡ ಬರ್ರಿ.”

ಫೋನಿಡುವಷ್ಟರಲ್ಲಿ ಯಂಕವ್ವ ಬಾಗಿಲಲ್ಲಿದ್ದಳು. ಕೆಟ್ಟ ಸುದ್ದಿಗೆ ಕಾಲಿದ್ದರೆ ಯಂಕವ್ವನಿಗೆ ರೆಕ್ಕೆ ಇದ್ದವು. “ವಕೀಲರ, ನಿಮ್ಮ ಬಾಯಾಗ ಸಕ್ರಿ ಹಾಕಬೇಕ್ರಿ! ಖರೇ ತಿದ್ದಿದ್ರಿ ನೋಡ್ರಿ! ಅಮ್ಮಿನಬಾವ್ಯಾಗ ವಾಚನಾಲಯದಾಗ ನಿಮ್ಮ ಪುಸ್ತಕ ಓದಿ ಗುಡ್ಡಪ್ಪ ಹಲಗಿ ಬಾರಸಾಕತ್ಯಾನಂತ. ಇವತ್ತ ಹುಣಸಿ ಬಡೀತಾರಂತ. ಆ ರುಕ್ಮವ್ವ ಫೌಜದಾರನ್ನ ಕರಸ್ಯಾಳಂತ. ತಲಿಗಿಲಿ ಒಡೀತಾವಂತ!”

ಮುರಿಗೆವ್ವ ಎದೆ ಬಡಿದುಕೊಂಡಳು. “ನಮ್ಮ ಊರಾಗ ಹೆಣ ಬಿದ್ರ ನಾ ಯಾವ ಮುಖ ಹೊತ್ತ ತವರಿಗೆ ಹೋಗ್ಲಿ? ಲಗೂ ಹೋಗ್ರಿ!”

ಚನ್ನಯ್ಯನವರು ಅಂಗಿಯ ಮೇಲೆ ಕರಿಕೋಟು ಏರಿಸಿ ತಮ್ಮ ಹಳೆಯ ಮೊಪೆಡ್ಡು ಲೂನಾ ಹತ್ತಿದರು. ಅಂದು ಅವರ ಬಳಿ ಉಳಿದಿದ್ದ ನಾ ಅದೊಂದೇ. ಸವದತ್ತಿ ರಸ್ತೆಯ ಏರಿನಲ್ಲಿ ಅದೂ ಎರಡು ಸಲ ಕೈಕೊಟ್ಟಿತು.

ಹೊಲದಲ್ಲಿ ಊರಿಗೆ ಊರೇ ನೆರೆದಿತ್ತು. ಹಲಗೆಯ ಸದ್ದು ಎದೆಗೆ ಬಡಿಯುತ್ತಿತ್ತು. ಮರದ ಮೇಲೆ ಗುಡ್ಡಪ್ಪನ ಕಡೆಯವರು ಗಳ ಹಿಡಿದು ಕುಳಿತಿದ್ದರು. ಎಲ್ಲಕ್ಕೂ ಮೇಲಿನ ಟೊಂಗೆಯಲ್ಲಿ, ಜರಿ ರುಮಾಲು ಸುತ್ತಿದ ಗುಡ್ಡಪ್ಪ. ಮರದ ಬುಡದಲ್ಲಿ ರುಕ್ಮವ್ವ ಕಾಲು ಚಾಚಿ ಕುಳಿತಿದ್ದಳು. ತಲೆಯ ಮೇಲೆ ಹುಣಸೆಕಾಯಿ ಪಟಪಟ ಉದುರುತ್ತಿದ್ದವು.

“ಏಳಬೇ ರುಕ್ಮವ್ವಾ, ತಲಿಗೆ ಹತ್ತೀತು,” ಎಂದ ಪೊಲೀಸ್ ಠಾಣೆಯ ಫೌಜದಾರ ಹನಮೇಶ.

“ಹತ್ಲಿ. ನನ್ನ ಹುಣಸಿ ನನ್ನ ತಲೀ ಮ್ಯಾಲ ಬೀಳಾಕತ್ತೈತಿ. ನಿನ್ನಪ್ಪಂದೇನ ಹೋತು?” ಅವಳ ಬೆನ್ನಿಗೆ ನಾಲ್ಕು ಗಂಡುಮಕ್ಕಳು ಕೊಡಲಿ ಹಿಡಿದು ನಿಂತಿದ್ದರು. ಕೊಡಲಿ ತಂದದ್ದು ಮರ ಕಡಿಯಲಿಕ್ಕಲ್ಲ ಎಂಬುದು ಅವರ ಕಣ್ಣಲ್ಲೇ ಕಾಣುತ್ತಿತ್ತು.

ಲೂನಾ ಕಂಡದ್ದೇ ಮರದ ಮೇಲಿಂದ ಕೂಗು ಬಿತ್ತು. “ಬಂದ್ರು ನಮ್ಮ ಅಳ್ಯಾರು! ಹಲಗಿ ಜೋರ ಬಾರಸ್ರಲೇ!”

ರುಕ್ಮವ್ವ ತಲೆಯ ಹುಣಸೆ ಕೊಡವಿ ಎದ್ದಳು. ಅವಳಿಗೂ ಚನ್ನಯ್ಯನವರು ಅಳಿಯನೇ. ಊರು ಒಂದೇ ಅಲ್ಲವೇ? “ಬಾ ಅಳ್ಯಾ. ನಮ್ಮೂರ ಮಗಳನ್ನ ನಿನಗ ಕೊಟ್ಟೇವಿ. ನಮ್ಮ ಮರಾನೂ ಕೊಡಬೇಕೇನು?”

“ದೊಡ್ಡವ್ವಾ, ಹಂಗಲ್ಲ...”

“ಹೆಂಗಲ್ಲ? ಹೈಕೋರ್ಟಿನವರು ನನಗ ಕೊಟ್ಟಾರಂತ ಇಂಗ್ಲೀಷಿನ್ಯಾಗ ಬರದೈತಿ.” ಅವಳು ಸೆರಗಿನಿಂದ ಕೋರ್ಟಿನ ಮೊಹರಿನ ನಕಲು ತೆಗೆದು ಫೌಜದಾರನ ಕೈಗಿಟ್ಟಳು.

ಗುಡ್ಡಪ್ಪ ಮೇಲಿಂದ ಗದರಿಸಿದ. “ಇಂಗ್ಲೀಷಿನ್ಯಾಗ ಏನರೆ ಬರಕೊಳ್ಳಲಿ! ಅದನ್ನ ಓದಿದವರು ಯಾರು? ಕನ್ನಡದಾಗ ಮಂಜೂರ ಅಂತ ಅಚ್ಚಾಗೇತಿ. ಇಡೀ ಊರ ಓದೇತಿ!”

ಫೌಜದಾರ ಹನಮೇಶ ವಾಚನಾಲಯದ ಕಂದೀಲನ್ನು ಕೈಯಲ್ಲಿ ಹಿಡಿದು ಬೆವರುತ್ತಿದ್ದ. ಎಡಗೈಯಲ್ಲಿ ಕೋರ್ಟು, ಬಲಗೈಯಲ್ಲಿ ಕಂದೀಲು. “ವಕೀಲಸಾಹೇಬ್ರ, ಯಾವುದು ಖರೇ, ಒಂದ ಮಾತ ಹೇಳ್ರಿ. ಅವರ ಕೈಯಾಗ ಕೊಡ್ಲಿ ಅದಾವ.”

ಚನ್ನಯ್ಯನವರು ಪುಟದ ಮೇಲೆ ಬೆರಳಿಟ್ಟರು. “ಇಲ್ಲೆ ನಾ ಇರಬೇಕಾಗಿತ್ರಿ.”

“ಎಲ್ಲೆ?”

“ಇಲ್ಲೇ, ಈ ಮಂಜೂರಿನ ಮುಂದ.”

“ನೀವು ಇಲ್ಲೆ ಇರಬೇಕಾಗಿತ್ರೀ? ಮತ್ತ ಎಲ್ಲೆ ಹೋಗಿದ್ರಿ?”

“ನಾ ಎಲ್ಲೂ ಹೋಗಿಲ್ಲ. ನಾ ಹೋಗೇತಿ!”

ಫೌಜದಾರ ಚನ್ನಯ್ಯನವರ ಹಣೆ, ಕಣ್ಣು, ಕೋಟು ಎಲ್ಲ ನೋಡಿದ. ಬಿಸಿಲು ಬಹಳವಿತ್ತು. “ನೆರಳಿಗೆ ಬರ್ರಿ ಸಾಹೇಬ್ರ. ನೀರ ಕುಡೀರಿ.”

“ನೀರ ಬ್ಯಾಡ್ರೀ! ನಾ ಅಲ್ಲ, ನಾ! ನಾ ಅನ್ನೋ ಅಕ್ಷರ! ನಾಮಂಜೂರು ಅಂತ ಇದ್ದದ್ದು, ನಾ ಬಿಟ್ಟು ಹೋಗೇತಿ!”

“ಯಾರು ಬಿಟ್ರು?”

ಹಲಗೆ ನಿಂತಿತು. ಇಡೀ ಹೊಲ ಕಿವಿಯಾಯಿತು. ಚನ್ನಯ್ಯನವರು ಹೇಳಿದರು: “ನಾ.”

“ನಾ ಬಿಟ್ಟದ್ದು ನಾನ ಅಂತೀರಿ,” ಎಂದ ಫೌಜದಾರ, ಬಹಳ ಯೋಚಿಸಿ.

“ಹೌದ್ರಿ. ನನ್ನ ತಪ್ಪು. ಮರ ರುಕ್ಮವ್ವಂದು.” ಚನ್ನಯ್ಯನವರು ಜೇಬಿನಿಂದ ಪೆನ್ನು ತೆಗೆದು, ಲೂನಾದ ಸೀಟಿನ ಮೇಲೆ ಪುಸ್ತಕವಿಟ್ಟು, ಎಲ್ಲರ ಎದುರಿಗೆ ಆ ‘ಮಂಜೂರು’ ಮುಂದೆ ದಪ್ಪಗೆ ‘ನಾ’ ಎಂದು ಬರೆದರು.

ಗುಡ್ಡಪ್ಪ ಓದು ಬಲ್ಲವನು. ಕೆಳಗಿನ ಟೊಂಗೆಗೆ ಇಳಿದು ಬಗ್ಗಿ ನೋಡಿದವನ ಮುಖದ ರಕ್ತವೇ ಇಳಿದುಹೋಯಿತು. ಸರಸರ ಮರ ಇಳಿದ. ರುಮಾಲು ಮೇಲೇ ಸಿಕ್ಕಿಕೊಂಡಿತು. “ಅಳ್ಯಾರ, ನನ್ನ ಕಡಲಿ ತಿಂದು ನನಗ ಹಿಂಗ ಮಾಡಿದ್ರಿ. ನೋಡೋಣು ಅಂದಿದ್ರಿ.”

“ಅಂದಿದ್ದೆ ಕಾಕಾ. ಇಲ್ಲ ಅನಬೇಕಾಗಿತ್ತು. ಅನ್ನಲಿಲ್ಲ.”

ರುಕ್ಮವ್ವನ ಮಕ್ಕಳು ಕೊಡಲಿ ಕೆಳಗಿಟ್ಟರು. ಎಲ್ಲರೂ ಒಂದು ಉಸಿರು ಬಿಟ್ಟರು. ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗಳ ಹಾಡಬಹುದಿತ್ತು.

ಆದರೆ ನೆರೆದ ಮಂದಿ ಕಂಡದ್ದು ಬೇರೆ. ಅವರು ಕಂಡದ್ದೇನೆಂದರೆ ಕರಿಕೋಟಿನ ಒಬ್ಬ ಮನುಷ್ಯ ಲೂನಾ ಮೇಲೆ ಬಂದ, ಪೆನ್ನು ತೆಗೆದ, ಒಂದೇ ಅಕ್ಷರ ಬರೆದ, ಗೆದ್ದವನು ಸೋತ, ಸೋತವಳು ಗೆದ್ದಳು. ಹೈಕೋರ್ಟಿಗೆ ಹನ್ನೊಂದು ವರ್ಷ ಹಿಡಿದದ್ದು ಇವರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ! ಒಬ್ಬ ಮುದುಕ ಕೈಮುಗಿದ: “ನಂದೂ ಒಂದ ದಾರೀ ಕೇಸೈತ್ರಿ ಯಪ್ಪಾ.” ಹಿಂದೆ ಇನ್ನೊಬ್ಬ. ಅವನ ಹಿಂದೆ ಸಾಲು. ರುಕ್ಮವ್ವನಂತೂ ಎರಡೂ ಕೈಯಿಂದ ಚನ್ನಯ್ಯನವರ ಕೆನ್ನೆ ಸವರಿ ನೆಟಿಗೆ ಮುರಿದಳು. “ನನ್ನ ವಕೀಲಗ ಹೇಳತೇನಿ ಅಳ್ಯಾ, ನೀ ಹೊಳ್ಳಿ ನನ್ನ ಕಡೆ ತಿದ್ದಿದಿ ಅಂತ.”

“ಹಂಗ ಹೇಳಬ್ಯಾಡ ದೊಡ್ಡವ್ವಾ!” ಎಂದು ಚನ್ನಯ್ಯನವರು ಅಂಗಲಾಚಿದರು. ಅಷ್ಟರಲ್ಲಿ ಅವಳ ಹಿರಿಯ ಮಗ ಫೋನಿನ ಅಂಗಡಿಯ ಕಡೆಗೆ ಓಡಿಯಾಗಿತ್ತು.

ಸಂಜೆ ಹುಬ್ಬಳ್ಳಿಯಲ್ಲಿ ಕಂದೀಲಿನ ಕಚೇರಿಯ ಮೆಟ್ಟಿಲು ಹತ್ತುವಾಗ ಚನ್ನಯ್ಯನವರ ಕೋಟಿನ ಮೇಲೆ ಇನ್ನೂ ಹುಣಸೆಸಿಪ್ಪೆ ಇತ್ತು. ಬಗಲಲ್ಲಿ ಮುಂದಿನ ಸಂಚಿಕೆಯ ಪ್ರೂಫು. ಹೊರಗಿನ ಕೋಣೆಯಲ್ಲಿ ಸಿತಾರಾ ಆರಿದ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಸರ, ನಾ ಕೇಳಿದ್ನಿರಿ. ಎಲ್ಲಾನೂ ಅಂತ ಕೇಳಿದ್ನಿ ಹೌದಿಲ್ರಿ?”

ಚನ್ನಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಕರೆ ಬಂತು.

ನಾಡಿಗೇರರು ಕುರ್ಚಿಗೆ ಒರಗಿ ಕುಳಿತಿದ್ದರು. ತಲೆಯ ಮೇಲೆ ಪಂಖ ಕಟಕಟ ತಿರುಗುತ್ತಿತ್ತು.

“ಬರ್ರಿ. ಅಮ್ಮಿನಬಾವಿಯೊಳಗ ಪೆನ್ನಿನಿಂದ ತೀರ್ಪು ತಿದ್ದಿದ್ರಂತ, ಫೌಜದಾರನ ಎದುರಿಗೆ. ಆ ವಕೀಲ ಈಗಷ್ಟ ಫೋನ ಮಾಡಿದ್ದ. ಅರ್ಜಿಯೊಳಗ ಅದನ್ನೂ ಸೇರಸ್ತಾನಂತ. ಮುಂಜಾನೆ ಒಂದ ಗುನ್ನೆ ಇತ್ತು, ಸಂಜೀಗೆ ಎರಡು ಆದವು.”

“ಸರ, ನಾ ಖರೇ ಇದ್ದದ್ದನ್ನ ಬರದೆ.”

“ನನಗ ಗೊತ್ತದ. ಪರಿಷತ್ತಿಗೆ ಗೊತ್ತಾಗಬೇಕಲ್ಲ?” ನಾಡಿಗೇರರು ಮುಂದೆ ಬಾಗಿದರು. ದನಿಗೆ ಮತ್ತೆ ತುಪ್ಪ ಬಂತು. “ಹೆದರಬ್ಯಾಡ್ರಿ. ನಾ ಹಿಂಗ ಬರೀತೇನಿ: ಚನ್ನಯ್ಯನವರದು ಏನೂ ತಪ್ಪಿಲ್ಲ, ಅವರು ನೋಡಿದ ಪ್ರೂಫು ಸರಿ ಇತ್ತು, ಅಕ್ಷರ ಜೋಡಸೋ ಹುಡುಗೀ ನಿಷ್ಕಾಳಜಿ, ಆಕೀನ್ನ ಕೆಲಸದಿಂದ ತಗದೇವಿ. ಮುಗೀತು. ನಿಮ್ಮ ಕೋಟಿಗೆ ಒಂದ ಕಲೀ ಹತ್ತೂದಿಲ್ಲ.”

ಬಾಗಿಲ ಆಚೆ ಕುರ್ಚಿ ಕಿರ್ ಎಂದಿತು.

“ಅದಕ್ಕ ನೀವು ನನ್ನದೊಂದು ಸಣ್ಣ ಕೆಲಸ ಮಾಡಬೇಕು. ಆ ಪ್ರೂಫು ಹನ್ನೆರಡನೇ ಪುಟ ತಗೀರಿ.”

ಚನ್ನಯ್ಯನವರು ತೆಗೆದರು. ಹುಬ್ಬಳ್ಳಿಯ ಒಂದು ಖಟ್ಲೆಯಲ್ಲಿ ಹೈಕೋರ್ಟಿನ ತೀರ್ಪು. ನಡುವೆ ಒಂದು ಸಾಲು ಕಣ್ಣಿಗೆ ಹೊಡೆಯುವಂತಿತ್ತು: ‘ವಾದಿಯ ವಕೀಲರಾದ ರಮಾಕಾಂತ ನಾಡಿಗೇರರು ಮುಖ್ಯ ದಾಖಲೆಯನ್ನು ಕೋರ್ಟಿನಿಂದ ಮುಚ್ಚಿಟ್ಟದ್ದು ಖಂಡನೀಯ.’

ಚನ್ನಯ್ಯನವರು ತಲೆ ಎತ್ತಿದರು. ನಾಡಿಗೇರರು ಪಂಖದ ಕಡೆ ನೋಡುತ್ತಿದ್ದರು.

“ಬಿಡಲಿಕ್ಕೆ ಬರೂದಿಲ್ಲ, ತೀರ್ಪು ದೊಡ್ಡದದ, ಎಲ್ಲಾರೂ ಕೇಳ್ತಾರ. ಆದ್ರ ನೋಡ್ರಿ ಚನ್ನಯ್ಯನವರ, ಆ ಕಂಪ್ಯೂಟರ ಒಮ್ಮೆ ನಾ ನುಂಗೇದ, ಊರಿಗೆಲ್ಲಾ ಗೊತ್ತದ. ಇನ್ನೊಮ್ಮೆ ನಾಡಿಗೇರನ್ನ ಪೂರಾ ನುಂಗಿದರ ಯಾರ ಏನ ಅಂತಾರ? ಯಂತ್ರದ ಚಾಳಿ ಅಂತಾರ. ಆ ಒಂದ ಸಾಲು ಹೊಡದ ಬಿಡ್ರಿ. ಆ ಕಡೆ ನೀವು ಅದಕ್ಕ ಕಾಟು ಹಾಕ್ರಿ, ಈ ಕಡೆ ನಾ ನಿಮ್ಮ ಹೇಳಿಕೀಗೆ ಸಹಿ ಹಾಕತೇನಿ.” ಅವರೇ ತಮ್ಮ ಪೆನ್ನಿನ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ಪೆನ್ನನ್ನು ಚನ್ನಯ್ಯನವರ ಕಡೆಗೆ ಚಾಚಿದರು.

ಬಾಗಿಲಲ್ಲಿ ಸಿತಾರಾ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

ಚನ್ನಯ್ಯನವರ ನಾಲಿಗೆ ರೂಢಿಯಂತೆ ಅಂಗುಳಕ್ಕೆ ಹತ್ತಿತು. ‘ನೋ’ ಎಂಬಷ್ಟು ಬಂದೂಬಿಟ್ಟಿತು. ನಾಡಿಗೇರರ ಮುಖ ಅರಳಿತು. ಆ ಮಾತಿನ ಉಳಿದರ್ಧ ಅವರಿಗೆ ಗೊತ್ತಿತ್ತು, ಇಡೀ ಜಿಲ್ಲೆಗೇ ಗೊತ್ತಿತ್ತು.

ಚನ್ನಯ್ಯನವರು ನಾಲಿಗೆಯನ್ನು ಹಿಂದಕ್ಕೆಳೆದುಕೊಂಡರು. ಕೋಟಿನ ಮೇಲಿನ ಹುಣಸೆಸಿಪ್ಪೆಯನ್ನು ಬೆರಳಿನಿಂದ ಹಾರಿಸಿದರು. ಚಾಚಿದ ಪೆನ್ನಿನ ಟೊಪ್ಪಿಗೆಯನ್ನು ಮೇಜಿನಿಂದೆತ್ತಿ, ಪೆನ್ನಿಗೆ ಮೆಲ್ಲಗೆ ಮುಚ್ಚಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

“ನಾ-ಮಂಜೂರು.”